ಚಂದವ್ವನ ಮಾತು

ಶಿಷ್ಯ ಕೇಳಿದ: “ಗುರುಗಳೇ, ನಾಟಕ ಬರೆಯುವ ಬಗೆಯನ್ನು ತಿಳಿಸುವ ಗ್ರಂಥಗಳನ್ನು ನಾಲ್ಕು ವರ್ಷ ಓದಿದೆ. ಕತೆಯ ಹಂತಗಳಾದ ಸಂಧಿಗಳನ್ನು ಬಲ್ಲೆ, ರಸಗಳನ್ನು ಬಲ್ಲೆ. ಪಾತ್ರ ಯಾವಾಗ ಬರಬೇಕು, ಯಾವಾಗ ಹೋಗಬೇಕು ಎಂಬುದನ್ನೂ ಬಲ್ಲೆ. ಈಗ ನಾನೇ ಅಂಥದೊಂದು ಗ್ರಂಥ ಬರೆಯುತ್ತಿದ್ದೇನೆ. ಒಂದು ಅಧ್ಯಾಯ ಮಾತ್ರ ಮುಂದೆ ಸಾಗುತ್ತಿಲ್ಲ. ನೋಡುವವರ ಎದೆಗೆ ನಾಟುವ ಮಾತು ನಾಟಕಕಾರನಿಗೆ ಎಲ್ಲಿಂದ ಸಿಗುತ್ತದೆ?”

ಗುರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಅಡಿವೆಪ್ಪ ಎಂಬ ನಾಟಕಕಾರನಿದ್ದ. ಊರೂರು ತಿರುಗುವ ಕಂಪನಿಯೊಂದಕ್ಕೆ ನಾಟಕ ಬರೆದುಕೊಡುತ್ತಿದ್ದ. ನಟರಿಗೆ ಮಾತು ಕಲಿಸುತ್ತಿದ್ದ. ಜನ ಅವನನ್ನು ಮಾಸ್ತರ ಎನ್ನುತ್ತಿದ್ದರು. ಅವನು ಕೆಟ್ಟವನಲ್ಲ. ನೆರೆಯವರ ಕಷ್ಟಕ್ಕೆ ಮೊದಲು ಹೋಗಿ ನಿಲ್ಲುವವನು.

ಏಳು ನಾಟಕ ಬರೆದಿದ್ದ. ಯಾವುದೂ ಬಿದ್ದುಹೋಗಲಿಲ್ಲ. ಯಾವುದೂ ಉಳಿಯಲಿಲ್ಲ. ಜನ ನೋಡುತ್ತಿದ್ದರು, ಎದ್ದು ಹೋಗುತ್ತಿದ್ದರು, ಮರೆಯುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಬೇರೆ ಯಾರಿಗೂ ಅದನ್ನು ಹೇಳಿಕೊಂಡಿರಲಿಲ್ಲ.

ಎಂಟನೆಯ ನಾಟಕ ಬರೆಯುವಾಗ ಅವನ ಕೈ ನಿಂತಿತು. ಕೋಟೆಯ ಗೋಡೆ ಕುಸಿದು ರಾಜಕುಮಾರ ಸಾಯುತ್ತಾನೆ. ರಾಣಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳಬೇಕು. ಅಡಿವೆಪ್ಪ ಆ ಅಳುವಿಗೆ ನಲವತ್ತು ಸಾಲು ಬರೆದ. ಅದರಲ್ಲಿ ಚಂದ್ರನಿದ್ದ, ತಾವರೆ ಇತ್ತು, ಬಿರುಗಾಳಿಗೆ ಮುರಿದ ಬಾಳೆಯಿತ್ತು. ರಾಣಿಯ ಪಾತ್ರ ಮಾಡುವ ನಟಿ ಅದನ್ನು ಎರಡು ಸಲ ಓದಿದಳು. ಕಾಗದ ಕೆಳಗಿಟ್ಟು, “ಮಾಸ್ತರ, ಇದನ್ನ ಕಲಿಯಾಕ ನಾಕು ದಿನ ಬೇಕು. ಮಗನ್ನ ಕಳಕೊಂಡಾಕಿಗೆ ನಾಕು ದಿನ ಎಲ್ಲಿರತೈತ್ರಿ?” ಎಂದಳು. ಅವನು ಮೂರು ತಿಂಗಳು ಬರೆದ, ಹರಿದ, ಮತ್ತೆ ಬರೆದ.

ಅವನ ಪಕ್ಕದ ಮನೆಯಲ್ಲಿ ಕುಂಬಾರನೊಬ್ಬನಿದ್ದ. ಹೆಸರು ಫಕೀರಪ್ಪ. ಅವನ ಹೆಂಡತಿ ಚಂದವ್ವ. ಅವರಿಗೆ ಒಬ್ಬನೇ ಮಗ, ದ್ಯಾಮಣ್ಣ. ಇಪ್ಪತ್ತು ವರ್ಷದವನು. ಗಡಿಗೆಗೆ ಬೇಕಾದ ಮಣ್ಣನ್ನು ಕೆರೆಯ ಆಚೆಯ ದಿಬ್ಬದಿಂದ ಅವನೇ ಅಗೆದು ತರುತ್ತಿದ್ದ. ಒಂದು ದಿನ ದಿಬ್ಬ ಅವನ ಮೇಲೆ ಕುಸಿಯಿತು.

ಜನ ಓಡಿದರು. ಅಡಿವೆಪ್ಪನೂ ಓಡಿದ. ಎಲ್ಲರೊಡನೆ ಕೈಯಿಂದ ಮಣ್ಣು ತೋಡಿದ. ಅವನ ಉಗುರು ಕಿತ್ತು ರಕ್ತ ಬಂತು. ದ್ಯಾಮಣ್ಣ ಸಿಕ್ಕಾಗ ಉಸಿರಿರಲಿಲ್ಲ.

ಹೆಣವನ್ನು ತಂದು ಮನೆಯ ಮುಂದೆ ಮಲಗಿಸಿದರು. ಹೆಂಗಸರು ಎದೆ ಬಡಿದುಕೊಂಡು ಅತ್ತರು. ಚಂದವ್ವ ಅಳಲಿಲ್ಲ. ಮಗನ ಪಕ್ಕದಲ್ಲಿ ಕುಳಿತು, ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಅವನ ಕಿವಿ ಒರೆಸತೊಡಗಿದಳು. ಒರೆಸಿದಷ್ಟೂ ಮಣ್ಣು ಬರುತ್ತಿತ್ತು. ಆಗ ಅವಳು ಮೆಲ್ಲಗೆ ಹೇಳಿದಳು: “ಕಿವಿಯಾಗ ಮಣ್ಣ ತುಂಬೈತಲ್ಲೋ ನನ್ನಪ್ಪಾ, ನಾ ಕರದ್ರ ನಿನಗ ಹ್ಯಾಂಗ ಕೇಳಸ್ತೈತೋ?”

ಅಷ್ಟೇ. ಮತ್ತೇನೂ ಹೇಳಲಿಲ್ಲ. ಅಳುತ್ತಿದ್ದ ಹೆಂಗಸರ ಅಳು ನಿಂತಿತು. ಗಂಡಸರು ಮುಖ ತಿರುಗಿಸಿಕೊಂಡರು. ಅಡಿವೆಪ್ಪನ ಕಣ್ಣಿಂದಲೂ ನೀರು ಸುರಿಯಿತು. ಆ ನೀರು ಸುಳ್ಳಲ್ಲ.

ಚಟ್ಟ ಎತ್ತುವಾಗ ಅವನು ಒಂದು ತುದಿಗೆ ಹೆಗಲು ಕೊಟ್ಟ. ಅರ್ಧ ದಾರಿ ನಡೆದ ಮೇಲೆ ತನ್ನ ತುಟಿ ಅಲುಗುತ್ತಿರುವುದು ಅವನ ಗಮನಕ್ಕೆ ಬಂತು. ಪ್ರಾರ್ಥನೆ ಮಾಡುತ್ತಿದ್ದೇನೆ ಎಂದುಕೊಂಡ. ಪ್ರಾರ್ಥನೆಯಾಗಿರಲಿಲ್ಲ. ಮರೆತುಹೋದೀತೆಂದು ಅವಳ ಮಾತನ್ನು ಬಾಯಿಪಾಠ ಮಾಡುತ್ತಿದ್ದ.

ಅವನಿಗೆ ನಾಚಿಕೆಯಾಯಿತು. ಮೂರು ದಿನ ಕಾಗದ ಮುಟ್ಟಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕುಳಿತು, ನಲವತ್ತು ಸಾಲುಗಳನ್ನೂ ಹೊಡೆದುಹಾಕಿ, ಆ ಒಂದು ಮಾತನ್ನು ಬರೆದ. ಅಕ್ಷರವನ್ನೂ ಬದಲಿಸಲಿಲ್ಲ. ಕಂಪನಿಯ ಯಜಮಾನ ಅದನ್ನು ಓದಿ, ರಾಣಿ ಎಲ್ಲಾದರೂ ಕುಂಬಾರಗಿತ್ತಿಯ ಹಾಗೆ ಮಾತಾಡುತ್ತಾಳೆಯೇ ಎಂದು ನಕ್ಕ. ಅಡಿವೆಪ್ಪ ಹಟ ಹಿಡಿದ. ಆ ಮಾತು ಉಳಿಯಿತು.

ಮೊದಲ ಪ್ರದರ್ಶನದಲ್ಲಿ ಅದನ್ನು ಕೇಳಿ ಜನ ಬಿಕ್ಕಿಬಿಕ್ಕಿ ಅತ್ತರು. ಆ ನಾಟಕ ಒಂದೊಂದು ಊರಿನಲ್ಲಿ ಎರಡೆರಡು ತಿಂಗಳು ನಡೆಯಿತು. ಅಚ್ಚಾಯಿತು. ಮೂರು ಸಲ ಮರು ಅಚ್ಚಾಯಿತು. ಪಂಡಿತರು ಅಡಿವೆಪ್ಪನಿಗೆ ಶಾಲು ಹೊದಿಸಿದರು. ನಾಟಕ ರಚನೆಯ ಬಗ್ಗೆ ಪುಸ್ತಕ ಬರೆದ ಒಬ್ಬ ವಿದ್ವಾಂಸ ಆ ಮಾತಿಗಾಗಿಯೇ ಆರು ಪುಟ ಮೀಸಲಿಟ್ಟ. ನಾಟಕಕಾರನ ಪ್ರತಿಭೆ ಇಂಥ ಮಾತನ್ನು ಶೂನ್ಯದಿಂದ ಸೃಷ್ಟಿಸುತ್ತದೆ ಎಂದು ಬರೆದ. ಅಡಿವೆಪ್ಪ ಅದನ್ನು ಓದಿದ. ತಿದ್ದಲು ಹೋಗಲಿಲ್ಲ.

ಎಲ್ಲರ ಬಾಯಿಗೂ ಬಂದ ಮಾತು ಬಹಳ ದಿನ ಅಳುವಾಗಿ ಉಳಿಯುವುದಿಲ್ಲ. ಒಂದು ವರ್ಷ ಕಳೆಯುವುದರೊಳಗೆ ಅದು ತಮಾಷೆಯಾಯಿತು. ಕರೆದರೆ ಓಗೊಡದ ಗೆಳೆಯನಿಗೆ ಜನ ಆ ಮಾತು ಹೇಳಿ ನಗುತ್ತಿದ್ದರು. ಪಾಠ ಕೇಳದ ಹುಡುಗನಿಗೆ ಶಾಲೆಯ ಮಾಸ್ತರು ಹೇಳುತ್ತಿದ್ದರು. ಕಿವುಡ ಮುದುಕನೊಬ್ಬ ಚಾವಡಿಗೆ ಬಂದರೆ ನಾಲ್ಕು ಜನ ಸೇರಿ, ನಟಿಯ ರಾಗದಲ್ಲಿ ಹಾಡಿ, ಎದೆ ಬಡಿದುಕೊಳ್ಳುತ್ತಿದ್ದರು.

ಚಂದವ್ವ ನಾಟಕ ನೋಡಿರಲಿಲ್ಲ. ಅವಳು ಅದನ್ನು ಸಂತೆಯಲ್ಲಿ ಕೇಳಿದಳು. ಗಡಿಗೆ ಕೊಳ್ಳಲು ಬಂದವನೊಬ್ಬ ಎರಡು ಸಲ ಬೆಲೆ ಕೇಳಿದ. ಗದ್ದಲದಲ್ಲಿ ಫಕೀರಪ್ಪನಿಗೆ ಕೇಳಿಸಲಿಲ್ಲ. ಬಂದವನು ನಗುತ್ತ ಆ ಮಾತು ಹೇಳಿದ. ಅಕ್ಕಪಕ್ಕದವರು ನಕ್ಕರು. ಚಂದವ್ವ ಕೈಯಲ್ಲಿದ್ದ ಗಡಿಗೆಯನ್ನು ಕೆಳಗಿಟ್ಟಳು. ಆ ಮಾತು ಎಲ್ಲಿಯದೆಂದು ಕೇಳಿದಳು. ಅವನು ಹೇಳಿದ.

ಮರುದಿನ ಅವಳು ಅಡಿವೆಪ್ಪನ ಮನೆಗೆ ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತಳು.

“ಮಾಸ್ತರ, ನಾ ನನ್ನ ಮಗಗ ಆಡಿದ ಮಾತು ನಿಮ್ಮ ಕಡೆ ಐತಂತ. ತಿರುಗಿ ಕೊಡ್ರಿ.”

ಅಡಿವೆಪ್ಪ ಎದ್ದು ನಿಂತ. “ಚಂದವ್ವ, ತಪ್ಪು ತಿಳೀಬ್ಯಾಡ. ನಿನ್ನ ಮಗನ್ನ ನೆನಸಿ ಸಾವಿರಾರು ಮಂದಿ ಅತ್ತಾರ.”

“ನನ್ನ ಮಗನ್ನ ನೆನಸಿ ಯಾರು ಅತ್ತಾರ್ರಿ? ರಾಣಿ ಮಗನ್ನ ನೆನಸಿ ಅತ್ತಾರ. ನನ್ನ ಮಗನ ಹೆಸರು ದ್ಯಾಮಣ್ಣ. ನಿಮ್ಮ ನಾಟಕದಾಗ ಆ ಹೆಸರು ಎಲ್ಲೆರ ಐತೇನ್ರಿ?”

ಇರಲಿಲ್ಲ. ಅವನು ತಲೆ ತಗ್ಗಿಸಿದ. ಅವಳು ಮತ್ತೆ ಹೇಳಿದಳು: “ದಿನಾ ಗೋರಿ ಕಡೆ ಹೋಗಿ ಅವನ ಕೂಡ ಅದೊಂದ ಮಾತು ಆಡಿ ಬರತಿದ್ದೆ. ನಿನ್ನೆ ಹೋದೆ. ಬಾಯಿ ತೆರದ್ರ ಆ ಸಂತಿ ಮನಿಷಾನ ನಗಿ ಕೇಳಸ್ತು. ಇನ್ನ ನಾ ಏನ ಆಡ್ಲಿ?”

ಅವಳು ಕಾದಳು. ಆಮೇಲೆ ಹೋದಳು.

ಅಡಿವೆಪ್ಪ ಅಂದೇ ಕಂಪನಿಗೆ ಹೋಗಿ ಆ ಮಾತನ್ನು ತೆಗೆಯಬೇಕೆಂದು ಹಟ ಮಾಡಿದ. ಯಜಮಾನ ಒಪ್ಪಲಿಲ್ಲ. ಅಡಿವೆಪ್ಪ ನಟಿಯ ಕೈ ಹಿಡಿದು ಬೇಡಿಕೊಂಡ. ಅವಳಿಗೆ ಕನಿಕರ ಬಂತು. ಮುಂದಿನ ಪ್ರದರ್ಶನದಲ್ಲಿ ಅವಳು ಹೆಣದ ಮುಂದೆ ಕುಳಿತು ಬಾಯಿ ತೆರೆಯಲಿಲ್ಲ. ಜನ ಸ್ವಲ್ಪ ಹೊತ್ತು ಕಾದರು. ನಟಿಗೆ ಮಾತು ಮರೆತಿದೆ ಎಂದುಕೊಂಡರು. ಹಿಂದಿನ ಸಾಲಿನಿಂದ ಒಬ್ಬ ಕೂಗಿ ಹೇಳಿಕೊಟ್ಟ. ಆಮೇಲೆ ಎಲ್ಲರೂ ಸೇರಿ ಒಂದೇ ಧ್ವನಿಯಲ್ಲಿ ಆ ಮಾತು ಹೇಳಿ ಚಪ್ಪಾಳೆ ತಟ್ಟಿದರು. ಅಡಿವೆಪ್ಪ ಪರದೆಯ ಹಿಂದೆ ನಿಂತಿದ್ದ. ಇನ್ನು ಅದು ತನ್ನ ಕೈಯಲ್ಲೂ ಇಲ್ಲ ಎಂಬುದು ಅವನಿಗೆ ತಿಳಿಯಿತು.

ಎರಡು ವರ್ಷದ ಮೇಲೆ ಊರಿಗೆ ವಾಂತಿಭೇದಿ ಬಂತು. ಫಕೀರಪ್ಪ ಒಂದೇ ದಿನದಲ್ಲಿ ತೀರಿಕೊಂಡ. ಜನ ಅಂಗಳದಲ್ಲಿ ಸೇರಿದರು. ಅಡಿವೆಪ್ಪನೂ ಬಂದು ಗೋಡೆಗೆ ಒರಗಿ ನಿಂತ. ಚಂದವ್ವ ಗಂಡನ ತಲೆಯ ಬಳಿ ಕುಳಿತಿದ್ದಳು. ಅವಳ ಎದೆ ಏರಿ ಇಳಿಯಿತು. ಅವಳು ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದಳು.

ಜನರ ನಡುವೆ ಒಂದು ಸಣ್ಣ ಸರಭರ ಕೇಳಿಸಿತು. ಹಿಂದಿದ್ದವರು ಮುಂದಕ್ಕೆ ಬಂದರು. ಆ ನಾಟಕದ ಮಾತು ಹುಟ್ಟಿದ್ದು ಇವಳ ಬಾಯಲ್ಲಿ ಎಂಬ ಸುದ್ದಿ ಅಷ್ಟರಲ್ಲಿ ಊರಿಗೆಲ್ಲ ಹಬ್ಬಿತ್ತು. ಈಗ ಏನು ಹೇಳುತ್ತಾಳೆಂದು ಎಲ್ಲರೂ ಕಿವಿಗೊಟ್ಟರು. ಹೆಂಗಸೊಬ್ಬಳು ಅಳುತ್ತಿದ್ದ ತನ್ನ ಕೂಸಿನ ಬಾಯನ್ನು ಕೈಯಿಂದ ಮುಚ್ಚಿದಳು.

ಚಂದವ್ವ ಸುತ್ತಲೂ ನೋಡಿದಳು. ಒಂದೊಂದೇ ಮುಖ ನೋಡಿದಳು. ಅಡಿವೆಪ್ಪನ ಮುಖವನ್ನೂ ನೋಡಿದಳು. ತೆರೆದ ಬಾಯಿ ಮುಚ್ಚಿದಳು.

ಆಮೇಲೆ ಅವಳು ಅಳಲಿಲ್ಲ. ಅಂದು ಅಳಲಿಲ್ಲ, ಮಣ್ಣು ಮಾಡಿ ಬಂದ ಮೇಲೂ ಅಳಲಿಲ್ಲ. ಯಾರೊಡನೆಯೂ ಮಾತಾಡಲಿಲ್ಲ. ಬಂದವರಿಗೆ ಗಡಿಗೆ ಕೊಟ್ಟಳು, ಬೆಲೆಯನ್ನು ಬೆರಳಿನಲ್ಲಿ ತೋರಿಸಿದಳು. ಹಾಗೆಯೇ ಒಂಬತ್ತು ವರ್ಷ ಬದುಕಿ ಸತ್ತಳು. ಸಾಯುವಾಗ ಹತ್ತಿರವಿದ್ದ ಹೆಂಗಸು, ಏನಾದರೂ ಹೇಳುವುದಿದೆಯೇ ಎಂದು ಕೇಳಿದಳಂತೆ. ಚಂದವ್ವ ಬಾಯಿಗೆ ಸೆರಗು ಒತ್ತಿಕೊಂಡಳಂತೆ.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಕಣ್ಣು ತುಂಬಿತ್ತು. ಅವನು ಕೇಳಿದ: “ಗುರುಗಳೇ, ಅಷ್ಟೆಲ್ಲ ಕಣ್ಣಾರೆ ಕಂಡ ಮೇಲೆ ಅಡಿವೆಪ್ಪ ಬರೆಯುವುದನ್ನು ಬಿಟ್ಟನೇ?”

ಗುರು ಹೇಳಿದರು: “ಇಲ್ಲ, ಅಂಗಳದಲ್ಲಿ ಬಾಯಿ ತೆರೆದು ಮುಚ್ಚುವ ಹೆಂಗಸಿನ ಮೇಲೆ ಒಂಬತ್ತನೆಯ ನಾಟಕ ಬರೆದ, ಅದು ಎಂಟನೆಯದಕ್ಕಿಂತ ಚೆನ್ನಾಗಿತ್ತು.”