ಮರಳು ಕಚ್ಚಿದ ಕ್ಯಾಮೆರಾ

"ತೀರಿಹೋದ ಯುವರಾಜರ ಡಿಜಿಟಲ್ ಕ್ಯಾಮೆರಾ ಕೆಟ್ಟಿದೆ. ರಾಜಕುಮಾರಿ ಚಂದಲೆಯ ಮೂರು ಒಗಟು ಬಿಡಿಸಿದವರು ಅದನ್ನು ಬಿಚ್ಚಬಹುದು. ಸರಿಮಾಡಿದವರಿಗೆ ರಾಜಕುಮಾರಿಯನ್ನು ಧಾರೆಯೆರೆದು ಅರ್ಧ ರಾಜ್ಯ ಕೊಡಲಾಗುವುದು. ಒಗಟಿಗೆ ಸೋತವರಿಗೆ ತಲೆದಂಡ" ಎಂದು ಹೊಳೆಸಾಲಿನ ರಾಜ ಡಂಗುರ ಹೊಡೆಸಿದ.

ಯುವರಾಜ ಸೋಯಿದೇವ ಹೊಳೆ ದಾಟುವಾಗ ದೋಣಿ ಮಗುಚಿತ್ತು. ಅವನೂ ಉಳಿಯಲಿಲ್ಲ, ಅಂಬಿಗ ಮಂಕಾಳಿಯೂ ಉಳಿಯಲಿಲ್ಲ. ನೆನೆದೀತೆಂದು ದಡದ ಮರಳಿನ ಮೇಲೆ ಇಟ್ಟುಹೋಗಿದ್ದ ಕ್ಯಾಮೆರಾ ಮಾತ್ರ ಅರಮನೆಗೆ ಬಂತು. ಗುಂಡಿ ಒತ್ತಿದರೆ ಲೆನ್ಸು ಅರ್ಧಕ್ಕೆ ಸಿಕ್ಕಿಕೊಂಡು ಕ್ಯಾಮೆರಾ ಆರಿಹೋಗುತ್ತಿತ್ತು. ಅವನು ಕೊನೆಗೆ ತೆಗೆದ ಚಿತ್ರಗಳು ಅದರೊಳಗೇ ಉಳಿದವು. ಚಂದಲೆಗೆ ರಿಪೇರಿ ಕೆಲಸ ಬರುತ್ತಿತ್ತು. ಆದರೆ ಅಣ್ಣನ ಕ್ಯಾಮೆರಾ ಬಿಚ್ಚಲು ಅವಳಿಗೆ ಮನಸ್ಸು ಬರಲಿಲ್ಲ.

ಮೊದಲು ಸಾಮಂತನ ಮಗ ಬಂದ.

"ಊಟ ಕಸಿದು ಮಲಗಿಸಿದರೂ ಮುಟ್ಟಿದವರನ್ನು ಹೊಡೆಯುವವನು ಯಾರು?" ಎಂದು ಚಂದಲೆ ಕೇಳಿದಳು.

"ಬೋನಿನ ಹುಲಿ" ಎಂದ. ಅವನನ್ನು ಸೆರೆಮನೆಗೆ ಒಯ್ದರು. ಮರುದಿನ ಬಂದ ವರ್ತಕ ಹಸಿದ ಹಾವೆಂದು ಹೇಳಿ ಅಲ್ಲಿಗೇ ಹೋದ. ಅಮಾವಾಸ್ಯೆಗೆ ಇಬ್ಬರ ತಲೆಯೂ ಹೋಗುವುದಿತ್ತು.

ಆಮೇಲೆ ಮಂಕಾಳಿಯ ಮಗ ಕುಪ್ಪ ಹೊರಟ. ಊರವರ ಕೆಟ್ಟ ಕ್ಯಾಮೆರಾಗಳನ್ನು ಮನೆಯಲ್ಲೇ ಬಿಚ್ಚಿ ಜೋಡಿಸಿ ಕಲಿತವನು. ತಾಯಿ ಬಾಗಿಲಲ್ಲೇ ತಡೆದಳು. "ನಿಮ್ಮಪ್ಪನ್ನ ಹೊಳೆ ತಗೊಂಡಿತು. ನಿನ್ನನ್ನ ಅರಮನೆಗೆ ಕೊಡಲಾ ಮಗಾ?" ಅವನು ಅವಳ ಕೈ ಬಿಡಿಸಿಕೊಂಡು ಬಂದ.

ಚಂದಲೆ ಅದೇ ಒಗಟು ಕೇಳಿದಳು.

"ಫ್ಲ್ಯಾಶಿನ ಕೆಪಾಸಿಟರ್, ಒಡತಿ. ಬ್ಯಾಟರಿ ತೆಗೆದರೂ ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ. ನಾನೂ ಹೊಡೆಸಿಕೊಂಡಿದ್ದೇನೆ."

"ಒಂದೇ ಮುಖದ ಅಣ್ಣತಮ್ಮಂದಿರು. ಒಬ್ಬನ ಹಾಸಿಗೆಯಲ್ಲಿ ಇನ್ನೊಬ್ಬ ಮಲಗಿದರೆ ಮನೆ ಬಿರುಕು ಬಿಡುತ್ತದೆ. ಯಾರವರು?"

"ಸ್ಕ್ರೂಗಳು. ತಲೆ ಒಂದೇ ಥರ, ಉದ್ದ ಬೇರೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿದರೆ ಹೊರಮೈ ಸೀಳುತ್ತದೆ."

ಚಂದಲೆಯ ದನಿ ಇಳಿಯಿತು. "ಬಾಗಿಲಿಗೆ ಅಡ್ಡ ಕೂತವನೊಬ್ಬ. ಜಟ್ಟಿ ತಳ್ಳಿದರೆ ಬಾಗಿಲೇ ಮುರಿಯುತ್ತದೆ. ಮೆಲ್ಲಗೆ ಊದಿದರೆ ಎದ್ದುಹೋಗುತ್ತಾನೆ. ಯಾರು?"

"ಮರಳಿನ ಕಣ. ಲೆನ್ಸಿನ ಸಂದಿಯಲ್ಲಿ ಕೂತಿದೆ."

ಕ್ಯಾಮೆರಾ ಅವನ ಮುಂದಿಟ್ಟರು. ಬ್ಯಾಟರಿ ತೆಗೆದು, ಕೆಪಾಸಿಟರಿನ ಕರೆಂಟು ಇಳಿಸಿ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲಿಟ್ಟ. ಸಣ್ಣ ಕುಂಚದಿಂದ ಸಂದಿ ಗುಡಿಸಿ ಊದಿದ. ಮತ್ತೆ ಜೋಡಿಸಿ ಗುಂಡಿ ಒತ್ತಿದಾಗ ಲೆನ್ಸು ಪೂರ್ತಿ ಹೊರಬಂತು.

ರಾಜ ಚಿತ್ರಗಳಲ್ಲಿ ಮಗನ ಮುಖ ಹುಡುಕಿದ. ಎಲ್ಲೂ ಇರಲಿಲ್ಲ; ಕ್ಯಾಮೆರಾ ಹಿಡಿದವನು ಅವನೇ. ಕೊನೆಯ ಚಿತ್ರದಲ್ಲಿ ಮಂಕಾಳಿ ದೋಣಿಯಲ್ಲಿ ನಿಂತು, ಹತ್ತಿಸಿಕೊಳ್ಳಲು ಕೈಚಾಚಿ ನಗುತ್ತಿದ್ದ.

ರಾಜ ಕ್ಯಾಮೆರಾವನ್ನು ಮಗಳ ಕೈಗೆ ಕೊಟ್ಟ. ಆಮೇಲೆ ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಲು ಹೇಳಿ, "ಮದುವೆಗೆ ದಿನ ನೋಡಿಸುತ್ತೇನೆ" ಎಂದ.

"ಬೇಡ ಒಡೆಯ. ಊರವರ ಕ್ಯಾಮೆರಾಗಳನ್ನೆಲ್ಲ ಸರಿಮಾಡಿದೆ, ಅಪ್ಪನದೊಂದು ಫೋಟೊ ತೆಗೆಯಲಿಲ್ಲ. ಇದೊಂದು ಕೊಡಿ. ಅವ್ವನಿಗೆ ತೋರಿಸಬೇಕು."

ಚಂದಲೆ ತಾನೇ ಅದನ್ನು ಪ್ರಿಂಟು ಹಾಕಿಸಿ ಕೊಟ್ಟಳು.

ತಾಯಿ ಫೋಟೊ ಹಿಡಿದುಕೊಂಡು ಬೆಳಕಿಗೆ ಬಂದಳು. ಗಂಡನ ಮುಖವನ್ನು ಸೆರಗಿನಿಂದ ಒರೆಸಿದಳು. "ಅವತ್ತು ಗಂಜಿ ಉಣ್ಣದೇ ಹೋಗಿದ್ರು" ಎಂದಳು.