ತಲೆಯಡಿಯ ಚಪ್ಪಲಿ

ಬಾಳಪ್ಪ ಕಾಶಿಗೆ ಹೊರಟ ಬೆಳಿಗ್ಗೆ ಅಜ್ಜ ಅವನ ಗಂಟು ಬಿಚ್ಚಿಸಿದರು.

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಗುರುಗಳನ್ನು ಎಲ್ಲರೂ ಅಜ್ಜ ಎಂದೇ ಕರೆಯುತ್ತಿದ್ದರು. ಪ್ರಾಯದಲ್ಲಿ ಅವರೂ ಕಾಶಿಗೆ ನಡೆದು ಹೋಗಿ, ನಡೆದೇ ಬಂದವರು.

ಗಂಟಿನಲ್ಲಿ ನಾಲ್ಕು ಧೋತರ, ಎರಡು ಕಂಬಳಿ, ಮೂರು ಪುಸ್ತಕ, ಒಂದು ತಂಬಿಗೆ ಇದ್ದವು. ಅಜ್ಜ ಎರಡು ಧೋತರ, ಒಂದು ಕಂಬಳಿ, ಮೂರೂ ಪುಸ್ತಕಗಳನ್ನು ಎತ್ತಿ ಪಕ್ಕಕ್ಕಿಟ್ಟರು.

“ಪುಸ್ತಕ ಬೇಡವೇ ಅಜ್ಜಾ?”

“ಐದನೇ ದಿನ ಭಾರ ತಾಳದೆ ನೀನೇ ಯಾರಿಗಾದರೂ ಕೊಟ್ಟುಬಿಡುತ್ತೀಯ. ತಗೊಂಡವರು ಓದುವುದಿಲ್ಲ. ಇಲ್ಲೇ ಇರಲಿ.”

ಆಮೇಲೆ ಅವನ ಕಾಲು ನೋಡಿದರು. ಬಾಳಪ್ಪ ಹೊಸ ಚಪ್ಪಲಿ ಮೆಟ್ಟಿದ್ದ.

“ಹಳೆಯವು ಎಲ್ಲಿ?”

“ಸವೆದಿವೆ ಅಜ್ಜಾ.”

“ನಿನ್ನ ಕಾಲಿಗೆ ತಕ್ಕ ಹಾಗೆ ಸವೆದಿವೆ. ಅವನ್ನೇ ಮೆಟ್ಟಿಕೋ. ಅಟ್ಟೆ ಹರಿದರೆ ಹಾಕಿಸಿಕೊಳ್ಳುವೆಯಂತೆ. ಹೊಸವು ಎರಡನೇ ಊರಿಗೇ ಕಚ್ಚುತ್ತವೆ.”

ಬಾಳಪ್ಪ ಹಳೆಯವನ್ನು ಹುಡುಕಿ ತಂದ.

“ದಾರಿಯನ್ನು ಒಬ್ಬರ ಹತ್ತಿರ ಕೇಳಬೇಡ, ಇಬ್ಬರ ಹತ್ತಿರ ಕೇಳು. ಇಬ್ಬರೂ ಬೇರೆ ಬೇರೆ ಹೇಳಿದರೆ ನೀರು ಹೊತ್ತು ಹೋಗುವ ಹೆಂಗಸನ್ನು ಕೇಳು. ಹೊರೆ ಇದ್ದವರು ಸುತ್ತು ದಾರಿ ಹೇಳುವುದಿಲ್ಲ. ಮಲಗಿದ ಜಾಗವನ್ನು ಬೆಳಿಗ್ಗೆ ಗುಡಿಸಿ ಏಳು. ಮಲಗುವಾಗ ಚಪ್ಪಲಿಯನ್ನು ತಲೆಯಡಿ ಇಟ್ಟುಕೋ.”

“ತಲೆಯಡಿಯೇ?”

“ಧರ್ಮಶಾಲೆಗಳಲ್ಲಿ ಚಪ್ಪಲಿಗಳು ಒಡೆಯನಿಗಿಂತ ಮುಂಚೆ ಯಾತ್ರೆ ಹೊರಡುತ್ತವೆ.”

ಬಾಳಪ್ಪ ನಕ್ಕ. ಅಜ್ಜ ನಗಲಿಲ್ಲ.

“ಇನ್ನೊಂದು ಮಾತು. ಕಾಶಿಗೆ ಹೋದವರು ಪ್ರೀತಿಯ ತಿನಿಸೊಂದನ್ನು ಗಂಗೆಯ ಮುಂದೆ ಬಿಟ್ಟು ಬರಬೇಕು, ಬದುಕಿರುವ ತನಕ ಅದನ್ನು ತಿನ್ನಬಾರದು. ನಿನಗೂ ಹೇಳುತ್ತಾರೆ. ಆಗ ನಿನಗೊಬ್ಬನಿಗೇ ನೋಯುವಂಥದ್ದನ್ನು ಬಿಡು.”

“ನಾನು ಬಿಟ್ಟರೆ ನನಗೇ ತಾನೇ ನೋಯುವುದು?”

ಅಜ್ಜ ಗಂಟು ಕಟ್ಟಿ ಅವನ ಹೆಗಲಿಗೇರಿಸಿದರು.

ಮಠದ ಅಡುಗೆ ನೋಡಿಕೊಳ್ಳುತ್ತಿದ್ದ ತಂಗೆವ್ವ ಬುತ್ತಿ ತಂದಳು. ತಾಯಿಯಿಲ್ಲದ ಐದು ವರ್ಷದ ಬಾಳಪ್ಪನನ್ನು ಯಾರೋ ಮಠಕ್ಕೆ ತಂದು ಬಿಟ್ಟಾಗ ಅವನನ್ನು ಸೊಂಟಕ್ಕೆತ್ತಿಕೊಂಡವಳು ಅವಳೇ. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಹಿತ್ತಲ ಮರದ ನಾಲ್ಕು ಪೇರಲ ಹಣ್ಣು.

“ಏ ಬಾಳ್ಯಾ, ದಿನಕ್ಕೊಂದೇ ತಿನ್ನು. ಒಮ್ಮೆಲೇ ತಿಂದು ಹೊಟ್ಟೆ ಹಿಡಿದುಕೊಂಡು ನನ್ನ ಬೈಯಬೇಡ.”

“ದಿನಕ್ಕೊಂದೇ ತಿನ್ನುತ್ತೇನೆ ದೊಡ್ಡವ್ವಾ.”

ಹೊತ್ತು ಮುಳುಗುವುದರೊಳಗೆ ನಾಲ್ಕೂ ಮುಗಿದಿದ್ದವು.

ಆಮೇಲಿನ ದಾರಿಯುದ್ದಕ್ಕೂ ಅವನಿಗೆ ನೆನಪಾದದ್ದು ಆ ಮರವೇ. ಹೊಳೆಯ ಕಡೆಗೆ ಬಾಗಿದ ಅದರ ಕೊಂಬೆಯ ಮೇಲೆ ಅವನ ಬಾಲ್ಯ ಕಳೆದಿತ್ತು. ಗುರುತಿಲ್ಲದ ಊರುಗಳಲ್ಲಿ, ಪರರ ಜಗಲಿಗಳಲ್ಲಿ, ಸಂಜೆಯಾದರೆ ಸಾಕು, ಹಣ್ಣಾದ ಪೇರಲದ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ತಾಕುತ್ತಿತ್ತು. ಕೆಳಗೆ ನಿಂತು ತಂಗೆವ್ವ ಬೈಯುವುದು ಕೇಳಿಸುತ್ತಿತ್ತು.

ಕಾಶಿಯ ಪೇಟೆಯಲ್ಲೂ ಪೇರಲ ಕೊಂಡು ತಿಂದ. ಗಾತ್ರದಲ್ಲಿ ದೊಡ್ಡದು, ಸಿಹಿಯೂ ಹೆಚ್ಚು. ಆದರೆ ಅದನ್ನು ಕಚ್ಚಿದಾಗ ಯಾರ ದನಿಯೂ ಕೇಳಿಸಲಿಲ್ಲ.

ಗಂಗೆಯ ಮೆಟ್ಟಿಲ ಮೇಲೆ ಪುರೋಹಿತರು ಕೇಳಿದರು.

“ಏನು ಬಿಡುತ್ತೀಯ?”

ಬಾಳಪ್ಪ ಹಿಂದೆಮುಂದೆ ನೋಡಲಿಲ್ಲ. ಇಷ್ಟು ಕಾಡುವುದನ್ನಲ್ಲದೆ ಇನ್ನೇನನ್ನು ಬಿಡುವುದು?

“ಪೇರಲ,” ಎಂದ.

ಕಣ್ಣಲ್ಲಿ ನೀರು ಬಂತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಎರಡು ವರ್ಷ ಕಳೆದು ಕಾರ್ತಿಕದಲ್ಲಿ ಅವನು ತಿರುಗಿ ಬಂದ. ಚಪ್ಪಲಿಯ ಅಟ್ಟೆ ಮೂರು ಸಲ ಬದಲಾಗಿತ್ತು. ದೋಣಿಯಲ್ಲಿ ಕೂತು ಹೊಳೆಯ ಅಗಲ ನೋಡಿದ.

“ಗಂಗೆಯನ್ನು ಕಂಡ ಕಣ್ಣಿಗೆ ಇದೊಂದು ಹಳ್ಳ,” ಎಂದ.

“ಗಟ್ಟಿಯಾಗಿ ಹಿಡಿದು ಕೂರಿ,” ಎಂದ ಅಂಬಿಗ. “ಹಳ್ಳದಲ್ಲೂ ಮುಳುಗಿದವರಿದ್ದಾರೆ.”

ಮಠದ ಬಾಗಿಲ ಮುಂದೆ ಎಂದಿನಂತೆ ಎಲ್ಲರ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಬಾಳಪ್ಪ ತನ್ನವನ್ನು ಕಳಚಿದ. ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದ. ಮಲಗುವಾಗ ತಲೆಯಡಿ ಇಟ್ಟುಕೊಂಡ. ಅಜ್ಜ ನೋಡಿದರು.

ಮರುದಿನದಿಂದ ಅವನ ಮಾತು ಶುರುವಾಯಿತು. ಕಾಶಿಯಲ್ಲಿ ಗಂಟೆ ಹೀಗೆ ಬಾರಿಸುವುದಿಲ್ಲ. ಕಾಶಿಯಲ್ಲಿ ಬೇಳೆ ಇಷ್ಟು ನೀರಾಗಿರುವುದಿಲ್ಲ. ಕಾಶಿಯಲ್ಲಿ ಈ ಹೊತ್ತಿಗೆ ಯಾರೂ ಮಲಗಿರುವುದಿಲ್ಲ.

ಮೂರನೇ ದಿನಕ್ಕೆ ಮಠದವರು ಅವನಿಗೆ ಹೆಸರಿಟ್ಟಿದ್ದರು.

“ಕಾಶಿ ಎದ್ದಿತೇನು?”

“ಎದ್ದು ಸ್ನಾನಕ್ಕೆ ಹೋಗಿದೆ. ನೀರು ಸರಿಯಿಲ್ಲವಂತೆ.”

ನಾಲ್ಕನೇ ದಿನ ತಂಗೆವ್ವ ಒಂದು ತಾಟು ಹಿಡಿದು ಬಂದಳು. ಎರಡು ವರ್ಷದಲ್ಲಿ ಅವಳ ಬೆನ್ನು ಬಾಗಿತ್ತು. ತಾಟಿನ ತುಂಬ ಪೇರಲ ಹಣ್ಣು.

“ಹೊಳೆ ಕಡೆಯ ಕೊಂಬೆಯವು,” ಎಂದಳು. “ಗಿಳಿಗೂ ಬಿಟ್ಟಿಲ್ಲ, ಮಠಕ್ಕೆ ಬಂದವರಿಗೂ ಕೊಟ್ಟಿಲ್ಲ. ಹೋದ ವರ್ಷವೂ ಹೀಗೇ ಕಾಯ್ದಿದ್ದೆ. ನೀನು ಬರಲಿಲ್ಲ, ಉದುರಿ ಹೋದವು. ಈ ವರ್ಷ ಹೊತ್ತಿಗೆ ಸರಿಯಾಗಿ ಬಂದೆ ನೋಡು.”

ಬಾಳಪ್ಪನ ಕೈ ತಾಟಿನವರೆಗೆ ಹೋಗಿ ನಿಂತಿತು.

“ದೊಡ್ಡವ್ವಾ, ನಾನಿನ್ನು ಪೇರಲ ತಿನ್ನುವ ಹಾಗಿಲ್ಲ. ಗಂಗೆಯ ಮುಂದೆ ಬಿಟ್ಟು ಬಂದೆ.”

ತಂಗೆವ್ವ ತಾಟನ್ನು ನೋಡಿದಳು.

“ಹಾಗಲಕಾಯಿ ಬಿಡಬೇಕಿತ್ತು,” ಎಂದಳು.

“ಅದು ನನಗೆ ಮೊದಲೇ ಸೇರುವುದಿಲ್ಲವಲ್ಲ.”

“ಹೌದಲ್ಲ. ಪ್ರೀತಿಯದನ್ನೇ ಬಿಡಬೇಕಲ್ಲ.”

ತಾಟಿನ ಮೇಲೆ ಸೆರಗು ಮುಚ್ಚಿ ಒಳಗೆ ಒಯ್ದಳು.

ಮರುದಿನ ಊಟದ ಹೊತ್ತಿಗೆ ಅವಳ ದನಿ ಕೇಳಿಸಿತು.

“ಬಾಳಪ್ಪನವರೇ, ಊಟಕ್ಕೆ ಏಳಿ.”

ಯಾರನ್ನು ಕರೆದಳೆಂದು ಬಾಳಪ್ಪ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಅವನಿಗೆಂದು ಮಣೆ ಹಾಕಿದ್ದಳು. ಮೊದಲು ಬಡಿಸಿದ್ದೂ ಅವನಿಗೇ. ಮೊದಲೆಲ್ಲ ಬೇಡ ಬೇಡವೆಂದರೂ ರೊಟ್ಟಿ ಬಂದು ತಾಟಿಗೆ ಬೀಳುತ್ತಿತ್ತು. ಈಗ ಅವಳು ಬಾಗಿ ಕೇಳಿದಳು.

“ಇನ್ನೊಂದು ರೊಟ್ಟಿ ಹಾಕಲೇ?”

“ಬಾಳ್ಯಾ ಅನ್ನು ದೊಡ್ಡವ್ವಾ.”

“ಕಾಶಿ ಕಂಡು ಬಂದವರು ನೀವು. ಹಾಗೆಲ್ಲ ಅನ್ನಬಾರದು.”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ, ಎಂದುಕೊಂಡ ಬಾಳಪ್ಪ.

ಎಂಟು ದಿನ ಅತಿಥಿಯಂತೆ ಉಂಡ. ಒಂಬತ್ತನೇ ದಿನ ಗಂಟು ಕಟ್ಟಿ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜನ ಎದುರು ನಿಂತ.

“ಹೊರಡುತ್ತೇನೆ ಅಜ್ಜಾ.”

“ಎಲ್ಲಿಗೆ?”

“ಗೊತ್ತಿಲ್ಲ. ದಾರಿಯಲ್ಲಿದ್ದಾಗ ಮನೆ ನೆನಪಾಗುತ್ತಿತ್ತು. ಮನೆಯಲ್ಲಿ ಈಗ ದಾರಿ ನೆನಪಾಗುತ್ತದೆ. ಇಲ್ಲಿ ನನ್ನ ಜಾಗ ಉಳಿದಿಲ್ಲ.”

ಅಜ್ಜ ನೀರು ನೋಡುತ್ತಿದ್ದರು.

“ಹೋಗುವಾಗ ಇಷ್ಟೆಲ್ಲ ಹೇಳಿದಿರಿ,” ಎಂದ ಬಾಳಪ್ಪ. “ಅಟ್ಟೆಯವರೆಗೂ ಹೇಳಿದಿರಿ. ಬಂದ ಮೇಲೆ ಹೇಗಿರಬೇಕೆಂದು ಒಂದು ಮಾತೂ ಹೇಳಲಿಲ್ಲ.”

“ನಾನು ಬಂದಾಗ ನನಗೂ ಯಾರೂ ಹೇಳಲಿಲ್ಲ.”

“ನೀವೇನು ಬಿಟ್ಟಿರಿ ಅಜ್ಜಾ, ಕಾಶಿಯಲ್ಲಿ?”

“ಬದನೆಕಾಯಿ.”

“ಆಮೇಲೆ ಆಸೆಯಾಗಲಿಲ್ಲವೇ?”

“ನನಗೆ ಒಂದು ವರ್ಷ ಆಸೆಯಾಯಿತು. ಆಮೇಲೆ ಮರೆತೆ. ನಮ್ಮವ್ವ ಮಾತ್ರ ತಾನು ಸಾಯುವ ತನಕ ಒಲೆಯ ಮೇಲೆ ಬದನೆಕಾಯಿ ಇಡಲಿಲ್ಲ. ಅವಳಿಗದು ಬಹಳ ಇಷ್ಟವಿತ್ತಂತೆ. ಅವಳು ಹೋದ ಮೇಲೆ ನೆರೆಮನೆಯವರು ಹೇಳಿದರು.”

ನಿನಗೊಬ್ಬನಿಗೇ ನೋಯುವಂಥದ್ದನ್ನು ಬಿಡು ಎಂದು ಹೊರಡುವ ದಿನ ಅಜ್ಜ ಹೇಳಿದ ಮಾತು ಎರಡು ವರ್ಷ ನಡೆದು ಈಗ ಬಾಳಪ್ಪನನ್ನು ಮುಟ್ಟಿತು.

“ಹಾಗಾದರೆ ಆಡಿದ ಮಾತು ಮುರಿಯಲೇ?”

“ಗಂಗೆಯ ಮುಂದೆ ಆಡಿದ ಮಾತು. ಮುರಿಯಬೇಡ.”

“ಮತ್ತೇನು ಮಾಡಲಿ?”

“ತಿನ್ನುವುದನ್ನು ಬಿಟ್ಟು ಬಂದೆ. ಮರ ಹತ್ತುವುದನ್ನೂ ಬಿಟ್ಟು ಬಂದೆಯಾ?”

ಅಜ್ಜ ಎದ್ದು ಹಿತ್ತಲಿಗೆ ನಡೆದರು. ಬಾಳಪ್ಪ ಹಿಂದೆ ಹೋದ.

ಹೊಳೆ ಕಡೆಯ ಕೊಂಬೆಯ ತುಂಬ ಹಣ್ಣು ಹಳದಿಯಾಗಿತ್ತು. ಗಿಳಿಗಳನ್ನು ಬೆದರಿಸಲು ಕಟ್ಟಿದ್ದ ಕೆಂಪು ಚಿಂದಿ ಬಿಚ್ಚಿಹೋಗಿ ನೆಲಕ್ಕೆ ಬಿದ್ದಿತ್ತು. ಅರ್ಧ ತಿಂದ ಹಣ್ಣುಗಳೂ ಬಿದ್ದಿದ್ದವು. ಮರದ ಕೆಳಗೆ ತಂಗೆವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ತಂಗೆವ್ವಾ, ಹಣ್ಣೆಲ್ಲ ಗಿಳಿಯ ಪಾಲಾಯಿತಲ್ಲ,” ಎಂದರು ಅಜ್ಜ.

“ಆಗಲಿ ಬಿಡಿ ಅಜ್ಜಾ. ಇನ್ನು ಕಾಯುವುದು ಯಾರಿಗೆ?”

ಬಾಳಪ್ಪ ಗಂಟು ಇಳಿಸಿದ. ಬುಡದಲ್ಲಿ ಚಪ್ಪಲಿ ಕಳಚಿದ. ಮರ ಹತ್ತಿದ.

ಎಲ್ಲಿ ಗಂಟಿದೆ, ಎಲ್ಲಿ ಕವಲಿದೆ ಎಂಬುದು ಪಾದಕ್ಕೆ ನೆನಪಿತ್ತು. ಮೈಗೆ ಮಾತ್ರ ಮರೆತುಹೋಗಿತ್ತು. ಏದುಸಿರು ಬಿಡುತ್ತ ಕೊಂಬೆ ಹಿಡಿದು ಕೂತ. ಮೊದಲ ಹಣ್ಣು ಕಿತ್ತು ಮೂಗಿಗೆ ಹಿಡಿದ. ಎರಡು ವರ್ಷ ಊರೂರಲ್ಲಿ ಕಾಡಿದ್ದು ಇದೇ ವಾಸನೆ.

ಅದನ್ನು ಅವಳ ಮಡಿಲಿಗೆ ಹಾಕಿದ.

“ಮೊದಲನೆಯದು ನಿನಗೆ ದೊಡ್ಡವ್ವಾ. ತಿಂದು ಹೇಗಿದೆ ಹೇಳು.”

“ನನಗೆ ಹಲ್ಲೆಲ್ಲಿವೆ?”

“ಹಿಸುಕಿ ತಿನ್ನು.”

ತಂಗೆವ್ವ ಮೊರ ಕೆಳಗಿಟ್ಟಳು. ಹಣ್ಣು ಹಿಸಿದಳು. ಒಳಗೆ ಗುಲಾಬಿ ಬಣ್ಣ. ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

“ಹೇಗಿದೆ?”

ಅವಳು ಇನ್ನೂ ಒಸಡಿನಲ್ಲಿ ಚಪ್ಪರಿಸುತ್ತಿದ್ದಳು.

“ಬೀಜದ ಹತ್ತಿರ ಹುಳಿ ಇದೆಯೇ ಇನ್ನೂ?”

“ಇದೆ,” ಎಂದಳು. “ಮೊದಲು ಸಿಹಿ. ಬೀಜ ಬಂದಾಗ ಒಂದಿಷ್ಟು ಹುಳಿ. ಆಮೇಲೆ ಮತ್ತೆ ಸಿಹಿ.” ಇನ್ನೊಂದು ಚೂರು ತಿಂದಳು. “ಇದರ ರುಚಿ ನನಗೆ ಮರೆತೇ ಹೋಗಿತ್ತು. ಇಪ್ಪತ್ತು ವರ್ಷ ಒಂದನ್ನಾದರೂ ನನಗೆ ಉಳಿಸಿದ್ದೆಯಾ ನೀನು?”

ಬಾಳಪ್ಪ ಮೇಲಿನಿಂದ ಅವಳ ನರೆತ ತಲೆಯನ್ನು ನೋಡಿದ. ಕೊಂಬೆಯ ತುದಿಯಲ್ಲಿ ಮೊದಲನೆಯದಕ್ಕಿಂತ ದೊಡ್ಡ ಹಣ್ಣೊಂದಿತ್ತು. ಅದಕ್ಕೆ ಕೈ ಚಾಚಿ ಮುಂದೆ ಸರಿದ. ಕೊಂಬೆ ಲಟಕ್ಕೆಂದಿತು.

“ಏ ಬಾಳ್ಯಾ, ಹಿಂದಕ್ಕೆ ಸರಿ. ಆ ತುದಿಗೆ ಹೋಗಬೇಡ ಅಂತ ನೂರು ಸಲ ಹೇಳಿದ್ದೇನೆ. ಕಾಶಿಗೆ ಹೋಗಿ ಬಂದರೂ ಬುದ್ಧಿ ಬರಲಿಲ್ಲವಲ್ಲೋ ನಿನಗೆ.”

ಬಾಳಪ್ಪ ಕೊಂಬೆಗೆ ಕೆನ್ನೆಯಾನಿಸಿ ಕೂತುಬಿಟ್ಟ. ಅವಳು ಬೈಯುವುದನ್ನು ಮುಗಿಸುವ ತನಕ ಇಳಿಯಲಿಲ್ಲ.

ಇಳಿದು ಬಂದಾಗ ಉಡಿಯ ತುಂಬ ಹಣ್ಣಿತ್ತು. ಎಲ್ಲವನ್ನೂ ಅವಳ ಮೊರಕ್ಕೆ ಸುರಿದ. ಗಂಟು ಬಿಟ್ಟಲ್ಲೇ ಇತ್ತು. ಮರದ ಬುಡ ಬರಿದಾಗಿತ್ತು.

ಅಜ್ಜ ಹಿತ್ತಲ ಕಟ್ಟೆಯ ಮೇಲೆ ಕೂತು ಒಂದು ಪೇರಲ ಒರೆಸಿಕೊಳ್ಳುತ್ತಿದ್ದರು.

“ಅಜ್ಜಾ, ನನ್ನ ಚಪ್ಪಲಿ?”

“ಬಾಗಿಲ ಮುಂದೆ, ಎಲ್ಲರ ಚಪ್ಪಲಿಗಳ ನಡುವೆ ನಾನೇ ಬಿಟ್ಟು ಬಂದೆ. ಬೇಕೆನಿಸಿದ ದಿನ ಹುಡುಕಿಕೋ.”