ಉಗುರಿನ ಮೇಲೆ ಸವೆದ ಹರಿತ

“ಕೋಪ ಹೋದ ದಿನ ದೀಕ್ಷೆ ಕೊಡುತ್ತೇನೆ ಎಂದಿದ್ದೀರಿ, ಗುರುಗಳೇ. ದಿನವೂ ಒಬ್ಬನೇ ಕೂತು, ಹೋಗಿದೆಯೇ ಎಂದು ಒಳಗೆ ನೋಡಿಕೊಳ್ಳುತ್ತೇನೆ. ಹೋದ ಹಾಗೆ ಕಾಣುತ್ತದೆ. ಮತ್ತೆ ನೋಡಿದರೆ ಅನುಮಾನ. ಗೊತ್ತಾಗುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ತಂದೆ ಕಾಯಿಲೆಯಿಂದ ಆಗಷ್ಟೇ ಎದ್ದು ಕೂತಿದ್ದ. ಬಹಳ ವರ್ಷ ಮಾತು ಬಿಟ್ಟಿದ್ದ ತಂದೆಯ ತಮ್ಮ ಆ ಮಧ್ಯಾಹ್ನ ರಾಜಿಗೆ ಬರುವವನಿದ್ದ. “ರೋಗಿಯ ಗಡ್ಡ ಹೊತ್ತು ಅವನೆದುರು ಕೂರುವುದಿಲ್ಲ. ಕನಿಕರಪಟ್ಟು ಒಪ್ಪಿದರೆ ಅದು ರಾಜಿಯಲ್ಲ” ಎಂದ ಮುದುಕ. ಕ್ಷೌರಿಕ ಊರಲ್ಲಿರಲಿಲ್ಲ. ಮಗ ತಂದೆಯ ಕ್ಷೌರದ ಕತ್ತಿ ತೆಗೆದು ಮಸೆಯಲು ಕೂತ.

ಕ್ರಮ ಅವನಿಗೆ ಗೊತ್ತಿತ್ತು. ಸಾಣೆಕಲ್ಲಿನ ಮೇಲೆ ಅಲಗು ಮುಂದೆ, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದೆ. ಮಸೆದು ಹೆಬ್ಬೆರಳಿನ ಉಗುರಿಗೆ ತಾಗಿಸಿದ. ಕತ್ತಿ ಕಚ್ಚಿತು. ಹರಿತ ಬಂದಿತ್ತು.

ಆದರೆ ಅವನು ವ್ಯಾಪಾರಿ. ಮಾಲನ್ನು ಮತ್ತೊಮ್ಮೆ ನೋಡದೆ ಕೊಟ್ಟವನಲ್ಲ. ಮತ್ತೆ ಉಗುರಿಗೆ ತಾಗಿಸಿದ, ಇನ್ನೊಮ್ಮೆ ತಾಗಿಸಿದ. ಕಚ್ಚಿದಷ್ಟು ಸಲವೂ ಅಲಗು ಸ್ವಲ್ಪ ಸವೆಯಿತು. ಕೊನೆಗೆ ಕಚ್ಚದೆ ಜಾರಿತು. ಮತ್ತೆ ಕಲ್ಲು, ಮತ್ತೆ ಪಟ್ಟಿ, ಮತ್ತೆ ಉಗುರು. ಹೊತ್ತು ನೆತ್ತಿಗೆ ಬರುತ್ತಿತ್ತು.

“ಏನಯ್ಯಾ, ನನ್ನ ಗಡ್ಡ ಬೋಳಿಸುತ್ತೀಯೋ, ನಿನ್ನ ಉಗುರು ಬೋಳಿಸುತ್ತೀಯೋ?” ಎಂದ ತಂದೆ.

“ನಿಮ್ಮ ಚರ್ಮ ತೆಳ್ಳಗಾಗಿದೆ, ಅಪ್ಪಾ. ಕುಯ್ದುಬಿಟ್ಟರೆ?”

“ಕುಯ್ದರೆ ರಕ್ತ ಬರುತ್ತದೆ. ಪಟಿಕ ಉಜ್ಜು, ನಿಲ್ಲುತ್ತದೆ. ಒಮ್ಮೆ ಮಸೆದು ಈ ಕಡೆ ಬಾ. ಹರಿತ ಇದೆಯೋ ಇಲ್ಲವೋ, ನನ್ನ ಕೆನ್ನೆ ಹೇಳುತ್ತದೆ.”

ಹೀಗೆಂದು ಗದ್ದ ಎತ್ತಿ ಕಣ್ಣು ಮುಚ್ಚಿದ. ಆ ಮುದುಕನನ್ನು ಮೆಚ್ಚಲೇಬೇಕು. ಮಗನ ಧೈರ್ಯ ಗಟ್ಟಿಯಾಗಲಿ ಎಂದು ಕಾಯಲಿಲ್ಲ, ಮೊದಲೇ ಕುತ್ತಿಗೆ ಕೊಟ್ಟ.

ಮಗನನ್ನೂ ಮೆಚ್ಚಬೇಕು. ಕೊನೆಯ ಸಲ ಮಸೆದ ಮೇಲೆ ಉಗುರನ್ನು ಮುಟ್ಟಲಿಲ್ಲ. ನೇರ ಕೆನ್ನೆಗೆ ಇಟ್ಟ. ಕತ್ತಿ ನೀರಿನ ಹಾಗೆ ಹರಿಯಿತು. ದವಡೆಯ ಕೆಳಗೆ ಒಂದು ಕಡೆ ಮಾತ್ರ ಸಣ್ಣದಾಗಿ ತಾಗಿತು.

ಮಧ್ಯಾಹ್ನ ತಮ್ಮ ಬಂದವನು ಬಾಗಿಲಲ್ಲೇ ನಿಂತು, “ಕಾಯಿಲೆ ಅಂದರಲ್ಲ, ಇಲ್ಲಿ ನೋಡಿದರೆ ಮದುಮಗನ ಹಾಗೆ ಕೂತಿದ್ದೀಯಲ್ಲಣ್ಣಾ!” ಎಂದ. ಇಬ್ಬರೂ ಸರಿಸಮ ಕೂತು ಮನಸಾರೆ ಜಗಳವಾಡಿದರು. ಆಮೇಲೆ ಒಟ್ಟಿಗೆ ಉಂಡರು. ಲೆಕ್ಕ ಇಷ್ಟೇ: ಒಂದು ಗೀರುಗಾಯ ಕಳೆದು, ಒಬ್ಬ ತಮ್ಮ ಲಾಭ.

ಗುರು ಕತೆ ನಿಲ್ಲಿಸಿದರು. “ಹಾಗಾದರೆ ನಾನೇನು ಮಾಡಲಿ?” ಎಂದ ಶಿಷ್ಯ.

“ನಾಳೆಯಿಂದ ಅಡುಗೆಯ ರೇವಣಯ್ಯನ ಕೈಕೆಳಗೆ ಕೆಲಸ ಮಾಡು, ಈ ಮಠದಲ್ಲಿ ಅವನಿಂದ ಬೈಸಿಕೊಳ್ಳದವರು ಯಾರೂ ಇಲ್ಲ.”